ಬಿಳಿ ಕೋಳಿಯೂ ನನ್ನ ಕೈಗುಣವೂ

ನನ್ನ ಕೈಗುಣ ಸರಿಯಿಲ್ಲವೆಂದು ನನ್ನ ವಾರಗಿತ್ತಿ ಹೇಳಿದ್ದು ಒಂದು ಬುಧವಾರ, ಹಿತ್ತಲ ಬಾಗಿಲಲ್ಲಿ, ಕೆಲಸಕ್ಕೆ ಬಂದಿದ್ದ ಮೂವರು ಹೆಂಗಸರ ಎದುರಿಗೆ. ಆ ಮಾತನ್ನು ಆಕೆ ಇಂದಿಗೂ ಹಿಂದಕ್ಕೆ ಪಡೆದಿಲ್ಲ. ಆದ್ದರಿಂದ ನಾನೂ ಮರೆತಿಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳವು. ಸೊರಬದ ಕಡೆಯ ಕುಬಟೂರಿನಿಂದ ಶಿಕಾರಿಪುರ ತಾಲ್ಲೂಕಿನ ಅಂಜನಾಪುರಕ್ಕೆ ಸೊಸೆಯಾಗಿ ಬಂದು ನನಗೆ ವರ್ಷ ತುಂಬಿರಲಿಲ್ಲ. ಗ್ರಾಮಸೇವಕರೊಬ್ಬರು ಸೈಕಲ್ಲಿನಲ್ಲಿ ಬಂದು, ಸರ್ಕಾರದಿಂದ ಸೀಮೆ ಕೋಳಿ ಕೊಡಿಸುವುದಾಗಿ ಮನೆಮನೆಗೂ ಹೇಳುತ್ತಿದ್ದರು. ನಮ್ಮ ಜಗಲಿಯಲ್ಲಿ ಕುಳಿತು ನನ್ನ ಗಂಡನ ಅಣ್ಣನವರಾದ ಭಾವನವರನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮಗೆ ಕೋಳಿ ಯಾತಕ್ಕೆ ಬೇಕ್ರೀ? ಮೊಟ್ಟೆಗೋ, ಮರಿ ಮಾಡಿಸೋಕೋ, ಸಾರಿಗೋ?"

"ಮೂರಕ್ಕೂ ಆಗೋದು ಕೊಡ್ರಿ."

"ಅಂಥದ್ದು ನಿಮ್ಮ ಹಿತ್ತಲಲ್ಲೇ ಓಡಾಡ್ತಾ ಐತಲ್ರೀ."

ಭಾವನವರಿಗೆ ಅದು ರುಚಿಸಲಿಲ್ಲ. ನೋಡಲು ಚೆಂದವೆಂಬ ಒಂದೇ ಕಾರಣಕ್ಕೆ ನಾಲ್ಕು ಬಿಳಿ ಹೇಂಟೆಗಳನ್ನು ಆರಿಸಿಕೊಂಡರು. ಬಿಳಿ ಹುಂಜ ಮುಂದಿನ ಸರದಿಯಲ್ಲಿ ಬರುತ್ತದೆಂದು ತಿಳಿಸಲಾಯಿತು. ಅಲ್ಲಿಯವರೆಗೆ ನಮ್ಮ ಕೆಂಪು ಹುಂಜದಿಂದ ಜಾತಿ ಕೆಡಬಾರದೆಂದು ಭಾವನವರು ತಂತಿಬಲೆಯ ಗೂಡು ಕಟ್ಟಿಸಿ, ಹೇಂಟೆಗಳನ್ನು ಅದರೊಳಗೆ ಕೂಡಿ, ಕೋಲು ಹಿಡಿದು ಕಾದರು. ಹೆತ್ತ ಹೆಣ್ಣುಮಕ್ಕಳನ್ನು ಯಾರಾದರೂ ಅಷ್ಟು ಕಾದದ್ದನ್ನು ನಾನು ಕಂಡಿಲ್ಲ.

ಅವು ಹೆಚ್ಚುಕಡಿಮೆ ದಿನವೂ ಮೊಟ್ಟೆ ಇಡುತ್ತಿದ್ದವು. ಇಟ್ಟದ್ದನ್ನು ತಿರುಗಿ ನೋಡುತ್ತಿರಲಿಲ್ಲ. ಕಾವಿಗೆ ಕೂರುವುದು ಆ ತಳಿಗೆ ಒಗ್ಗಿದ ಕೆಲಸವೇ ಅಲ್ಲ. ಭಾವನವರ ಹೆಂಡತಿ, ಅಂದರೆ ನನ್ನ ವಾರಗಿತ್ತಿ, "ಇಟ್ಟು ಎದ್ದು ಹೋಗ್ತಾವೆ ನೋಡ್ರಿ, ಸೊರಬದ ಕಡೇವೇ ಇರಬೇಕು" ಎಂದರು. ಅದೂ ನನಗೆ ನೆನಪಿದೆ.

ಕೊನೆಗೆ ಅತ್ತೆಯವರು ಬಿಳಿ ಮೊಟ್ಟೆಗಳನ್ನು ನಮ್ಮ ಕರಿಯ ನಾಟಿ ಕೋಳಿಯ ಅಡಿಯಲ್ಲಿ ಇಡಿಸಲು ನಿಶ್ಚಯಿಸಿದರು. ನಮ್ಮಲ್ಲಿ ಕಾವಿಗೆ ಮೊಟ್ಟೆ ಇಡುವವರ ಕೈಗುಣ ನೋಡುತ್ತಾರೆ. ಹೊಸ ಸೊಸೆಯನ್ನು ಅಳೆಯುವುದೂ ಅದರಿಂದಲೇ. ಬುಟ್ಟಿಗೆ ಭತ್ತದ ಹೊಟ್ಟು ಹಾಸಿ, ಗುಡುಗಿಗೆ ಕೆಡದಿರಲೆಂದು ಇದ್ದಿಲನ್ನೂ ಕಬ್ಬಿಣದ ಮೊಳೆಯನ್ನೂ ಇಟ್ಟು, ಹನ್ನೊಂದು ಮೊಟ್ಟೆಗಳನ್ನು ನಾನು ಜೋಡಿಸಿದೆ. ಇಪ್ಪತ್ತೊಂದು ದಿನಕ್ಕೆ ಮರಿಯಾಗಬೇಕು. ಇಪ್ಪತ್ತನಾಲ್ಕಾದರೂ ಒಂದೂ ಬಿರಿಯಲಿಲ್ಲ. ಒಡೆದು ನೋಡಿದರೆ ನಾರುವ ನೀರು. ಆ ಬುಧವಾರದ ಮಾತು ಬಂದದ್ದು ಆಗ.

ಅಂದಿನಿಂದ ನಾನು ಹಾಲಿಗೆ ಹೆಪ್ಪು ಹಾಕಬಾರದೆಂದಾಯಿತು. ಬಿತ್ತನೆ ಬೀಜವನ್ನೂ ಮುಟ್ಟಬಾರದೆಂದಾಯಿತು. ಬೀಜ ಮುಟ್ಟದ ಸೊಸೆಗೆ ಒಕ್ಕಲು ಮನೆಯಲ್ಲಿ ಉಳಿಯುವುದು ಪಾತ್ರೆ ತಿಕ್ಕುವ ಕೆಲಸವೊಂದೇ.

ತವರಿಗೆ ಹೋದಾಗ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿ ಕಣ್ಣೀರು ಹಾಕಿದೆ. ಅಜ್ಜಿ ನಕ್ಕುಬಿಟ್ಟರು.

"ಅಲ್ಲ ಮಾರಾಯ್ತಿ, ಹುಂಜ ಎಲ್ಲಿತ್ತೇ?"

"ಬಲೆ ಹೊರಗೆ. ಬಿಳೀದು ಇನ್ನೂ ಬಂದಿಲ್ಲ."

"ಮತ್ತೆ ಮರಿ ಎಲ್ಲಿಂದ ಬರ್ತದೆ, ನಿನ್ನ ಕೈಯಿಂದ್ಲಾ?"

ಹಿತ್ತಲಲ್ಲಿ ಹುಂಜ ಸದಾ ಇದ್ದೇ ಇರುವ ಊರಿನಲ್ಲಿ ಈ ವಿಚಾರ ಯಾರಿಗೂ ಹೊಳೆಯುವ ಪ್ರಸಂಗವೇ ಬಂದಿರಲಿಲ್ಲ. ಆದರೆ ಇಂಥ ಸಂಗತಿಯನ್ನು ಸೊಸೆಯಾದವಳು ಭಾವನ ಎದುರು ನಿಂತು ಹೇಳುವುದು ಹೇಗೆ? ಊರಿಗೆ ಮರಳಿ, ಇನ್ನೊಂದು ಸಲ ಮೊಟ್ಟೆ ಇಡುತ್ತೇನೆಂದು ಅತ್ತೆಯವರನ್ನು ಕೇಳಿದೆ.

"ಮತ್ತೆ ಇವಳ ಕೈಲೇನ್ರೀ ಅತ್ತೆ?" ಎಂದರು ವಾರಗಿತ್ತಿ.

"ಈ ಸಲಾನೂ ಪೂರಾ ಕೆಟ್ರೆ ಬೀಜದ ಸುದ್ದಿಗೆ ನಾನೇ ಹೋಗಲ್ಲ ಬಿಡ್ರಿ" ಎಂದೆ.

ಐದು ನಾಟಿ ಮೊಟ್ಟೆ, ಆರು ಬಿಳಿಯವು. ಒಂದೇ ಬುಟ್ಟಿ, ಒಂದೇ ಕೋಳಿ, ಇಟ್ಟದ್ದು ಒಂದೇ ಕೈ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಐದು ಮರಿಗಳು ಚಿಂವ್‌ಗುಟ್ಟುತ್ತಿದ್ದವು. ಆರು ಬಿಳಿ ಮೊಟ್ಟೆಗಳು ಇದ್ದಂತೆಯೇ ಇದ್ದವು. ಅತ್ತೆಯವರು ಕುಕ್ಕರುಗಾಲಲ್ಲಿ ಕುಳಿತು ಒಂದು ಬಿಳಿ ಮೊಟ್ಟೆಯನ್ನು ಕೈಯಲ್ಲಿ ಹೊರಳಿಸಿದರು. ಆಮೇಲೆ ತಂತಿಬಲೆಯ ಗೂಡನ್ನೂ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ ಕೆಂಪು ಹುಂಜವನ್ನೂ ಬಹಳ ಹೊತ್ತು ನೋಡಿದರು. ಭಾವನವರನ್ನು ಕರೆದರು.

"ಕೆಟ್ಟಿದ್ದು ಅವಳ ಕೈಗುಣ ಅಲ್ಲೋ, ನಿಂದು. ಬಾಗ್ಲು ತೆಗಿ."

"ಜಾತಿ ಕೆಡ್ತದವ್ವ."

"ಹುಟ್ಟದ ಮರಿಗೆ ಎಂಥಾ ಜಾತಿನೋ. ತೆಗಿ."

ಹುಂಜ ಮದುಮಗನ ಠೀವಿಯಲ್ಲಿ ಒಳಗೆ ಹೋಯಿತು. ಅಂದು ಸಂಜೆ ಅತ್ತೆಯವರು ಹಾಲಿನ ಗಡಿಗೆಯನ್ನು ನನ್ನ ಮುಂದೆ ಇಟ್ಟರು. ಹೆಪ್ಪು ಹಾಕಿದೆ. ಮೊಸರು ಗಟ್ಟಿಯಾಗಿಯೇ ಹೆಪ್ಪುಗಟ್ಟಿತು. ಕ್ರಮೇಣ ನಮ್ಮ ಮನೆಯಲ್ಲಿ ಮೊಟ್ಟೆಗೆ ಬಿಳಿಯವು, ಕಾವಿಗೆ ನಾಟಿಯವು, ಸಾರಿಗೆ ಆ ಎರಡರ ಬೆರಕೆಯವು ಎಂದು ಕೆಲಸ ಹಂಚಿಕೆಯಾಯಿತು. ಗ್ರಾಮಸೇವಕರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೀಗೆ, ಬಹಳ ತಡವಾಗಿ.

ವಾರಗಿತ್ತಿ ಮಾತ್ರ ಆ ಮಾತನ್ನು ಹಿಂದಕ್ಕೆ ಪಡೆಯಲಿಲ್ಲ. ಆದರೆ ಮರುವರ್ಷ ಒಂದು ಮಧ್ಯಾಹ್ನ ಸೆರಗಿನಲ್ಲಿ ಹನ್ನೊಂದು ಮೊಟ್ಟೆ ಕಟ್ಟಿಕೊಂಡು ಬಂದರು. "ಇವನ್ನ ನೀನೇ ಇಡವ್ವ, ನಂಗೆ ಬಗ್ಗೋಕಾಗಲ್ಲ, ಸೊಂಟ ನೋವು."

ಆಕೆಯ ಸೊಂಟಕ್ಕೆ ಯಾವ ನೋವೂ ಇರಲಿಲ್ಲ. ಅಂದು ಬೆಳಿಗ್ಗೆ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ನೀರು ಹೊತ್ತು ತಂದದ್ದನ್ನು ನಾನು ನೋಡಿದ್ದೆ. ಬುಟ್ಟಿ ತಂದೆ. ಮೊಟ್ಟೆಗಳನ್ನು ಒಂದೊಂದಾಗಿ, ಸಾಕಷ್ಟು ನಿಧಾನವಾಗಿ, ಆಕೆ ನಿಂತು ನೋಡುತ್ತಿರುವಂತೆಯೇ ಜೋಡಿಸಿದೆ.

ಹನ್ನೊಂದಕ್ಕೆ ಹನ್ನೊಂದೂ ಮರಿಯಾದವು.