ಹತ್ತು ಸಾವಿರನೆಯ ಕೊಸರು

ಒಣಮೀನು ಮಾರಾಟದ ಲೈವ್ ನಡೆಯುತ್ತಿದ್ದ ಫೋನಿನ ಪರದೆಯ ಮೇಲೆ ಕೆಂಪು ಹೃದಯಗಳು ಗುಳ್ಳೆಗಳ ಹಾಗೆ ಮೇಲೇಳುತ್ತಿದ್ದವು. ಮೂಲೆಯಲ್ಲಿ ಕಾಣುತ್ತಿದ್ದ ಅವುಗಳ ಸಂಖ್ಯೆ ನಾಲ್ಕು ಸಾವಿರದ ಇನ್ನೂರು ದಾಟಿತ್ತು. ಅಂದರೆ ನಾಲ್ಕು ಸಾವಿರದ ಇನ್ನೂರು ಮಂದಿ ಒಣಮೀನು ಕೊಂಡರು ಎಂದುಕೊಂಡ ಜೆಗೊನ್. ಅಂದುಕೊಂಡು ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಅವನು ಆಫೀಸಿನ ಹನ್ನೊಂದು ಮಂದಿಗೂ ತನ್ನ ಕಾರ್ಡಿನಲ್ಲಿ ಕಾಫಿ ತರಿಸಿದ. ಲಾರಿ ಇಟ್ಟುಕೊಂಡಿದ್ದ ಸೋದರಮಾವನ ಮಗನಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಡಬ್ಬಿ ಸಾಗಿಸಬೇಕು, ಬೇರೆ ಬಾಡಿಗೆ ಒಪ್ಪಿಕೊಳ್ಳಬೇಡ ಎಂದ. ಸಂಜೆ ಬೆವರು ಸುರಿಸುತ್ತ ಸೊಹೊ ಸಂತೆಗೆ ಓಡಿದರೆ, ಗೆಳತಿ ಮಿರಾನ್ ಎರಡು ಡಬ್ಬಿಗೆ ಅಂಟುಪಟ್ಟಿ ಸುತ್ತುತ್ತ ಕೂತಿದ್ದಳು.

ಮಿಕ್ಕ ಡಬ್ಬಿಗಳೆಲ್ಲಿ ಎಂದು ಕೇಳಿದ. ಬಂದಿದ್ದೇ ಎರಡು ಆರ್ಡರು ಎಂದಳು. ಹೃದಯವನ್ನು ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಒತ್ತಬಹುದಂತೆ. ಮಿರಾನಳ ಅಮ್ಮ ಹ್ವಾಜಾ, ಒತ್ತಿದರೆ ಮಗಳಿಗೆ ಒಳ್ಳೆಯದಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ನಲವತ್ತು ನಿಮಿಷ ಹೆಬ್ಬೆರಳಲ್ಲಿ ಒಂದೇ ಸಮನೆ ಕುಟ್ಟಿದ್ದಳು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು ಪಾಪ.

ಆ ಎರಡು ಆರ್ಡರಿನಲ್ಲಿ ಒಂದು ಜೆಗೊನ್‌ನದೇ. ಇನ್ನೊಂದು ‘ಬೆಳದಿಂಗಳು’ ಎಂಬ ಹೆಸರಿನಲ್ಲಿ ಬಂದಿತ್ತು. ಯಾರಿದು ಎಂದು ಅವನು ಡಬ್ಬಿಯತ್ತ ಬಗ್ಗಿದಾಗ ಮಿರಾನ್ ವಿಳಾಸದ ಮೇಲೆ ಅಂಗೈ ಇಟ್ಟು, ಗಿರಾಕಿಯ ವಿಳಾಸ ಗಿರಾಕಿಯ ಗುಟ್ಟು ಎಂದಳು. ಜೆಗೊನ್‌ಗೆ ಅಷ್ಟೇ ಸಾಕಾಯಿತು. ಆ ದಿನದ ಜಾಹೀರಾತಿನ ಸಾಲು ಬರೆದವನು ಅವನು: ‘ದಕ್ಷಿಣ ಸಮುದ್ರದ ಬೆಳ್ಳಿಯ ಉಸಿರು, ನಿಮ್ಮ ಮುಂಜಾನೆಯ ಬಟ್ಟಲಲ್ಲಿ’. ಎಲ್ಲೋ ಒಬ್ಬಳು ಕಿಟಕಿಯ ಪಕ್ಕ ಕೂತು ಅದನ್ನು ಓದಿ, ಮನಸ್ಸು ಕರಗಿ, ಬೆರಳುದ್ದದ ಒಣಮೀನು ತರಿಸಿಕೊಂಡಿದ್ದಾಳೆ. ಮುಂದೆ ಎರಡು ವರ್ಷ ಅವನು ಈ ನಂಬಿಕೆಯಲ್ಲೇ ಬದುಕಿದ. ಹ್ವಾಜಾ ಮಾತ್ರ ಆ ಸಾಲನ್ನು ಓದಿಸಿಕೊಂಡು, ಮೀನಿಗೆ ಉಸಿರಿದ್ದಿದ್ದರೆ ಒಣಗಿಸೋಕೆ ಬಿಡ್ತಿತ್ತಾ ಎಂದು ಕೇಳಿದ್ದಳು.

ಜೆಗೊನ್ ಹಡಗಿನ ಬಣ್ಣ ಮಾರುವ ಕಂಪನಿಯಲ್ಲಿ ಗುಮಾಸ್ತ. ಕೆಲಸದ ಪಟ್ಟಿ ಉದ್ದವಿದ್ದರೂ ಅವನು ಪಳಗಿದ್ದು ಒಂದರಲ್ಲೇ: ಹೂವಿನ ಸ್ತಂಭ ಕಳಿಸುವುದು. ವ್ಯವಹಾರದವರ ಮನೆಯಲ್ಲಿ ಮದುವೆಯಾದರೆ ಬಣ್ಣದ ಹೂವು, ಸಾವಾದರೆ ಬಿಳಿ ಸೇವಂತಿಗೆ. ಎರಡೂ ತಲಾ ಮೂರು ಅಂತಸ್ತಿನವು, ಆಳೆತ್ತರದವು, ಎರಡೂ ಬದಿಗೆ ರಿಬ್ಬನ್ ಇಳಿಬಿಟ್ಟವು. ಒಂದು ರಿಬ್ಬನ್ನಿನ ಮೇಲೆ ಹಾರೈಕೆ, ಇನ್ನೊಂದರ ಮೇಲೆ ಕಳಿಸಿದವರ ಹೆಸರು. ಆ ಹೆಸರು ಯಾವಾಗಲೂ ಕಂಪನಿಯ ನಿರ್ದೇಶಕರದು. ಆರು ವರ್ಷದಲ್ಲಿ ಜೆಗೊನ್ ಊರಿನ ಅರ್ಧದಷ್ಟು ಸುಖದುಃಖಗಳಿಗೆ ಹೂವು ಕಳಿಸಿದ್ದ, ಒಂದರಲ್ಲೂ ಅವನ ಹೆಸರಿರಲಿಲ್ಲ.

ಮಿರಾನ್ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಓದು ಮುಗಿದ ಮೇಲೆ ಗೊಜೆ ದ್ವೀಪದ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ಏಳು ವರ್ಷ ಸಾರು ಕಾಯಿಸಿದಳು. ಸಾರು ಎಂದರೆ ಈ ಒಣಮೀನಿನದೇ. ಮೀನಿನ ತಲೆ ಮುರಿದು, ಬೆನ್ನು ಸೀಳಿ, ಒಳಗಿನ ಕಪ್ಪು ಕರುಳನ್ನು ಉಗುರಲ್ಲಿ ಎತ್ತಿ ಎಸೆಯಬೇಕು. ಒಂದು ಉಳಿದರೂ ಹಂಡೆಗೆ ಹಂಡೆಯೇ ಕಹಿ. ಅಲ್ಲಿನ ಹಿರಿಯ ಅಡುಗೆಯವಳು ಕಣ್ಣಿಗೆ ಬಟ್ಟೆ ಕಟ್ಟಿ ಕೆಲಸ ಕಲಿಸಿದ್ದಳಂತೆ. ಹಾಗಾಗಿ ಮಿರಾನ್ ನಿಮ್ಮ ಮುಖ ನೋಡುತ್ತ, ನಿಮ್ಮ ಮಾತಿಗೆ ನಗುತ್ತ, ನಿಮಿಷಕ್ಕೆ ಮೂವತ್ತು ಮೀನು ಬಿಡಿಸಬಲ್ಲಳು. ಹಡಗುಕಟ್ಟೆಯಲ್ಲಿ ಕೆಲಸ ಕಮ್ಮಿಯಾಗಿ ಕ್ಯಾಂಟೀನಿನ ಅರ್ಧ ಜನರನ್ನು ಮನೆಗೆ ಕಳಿಸಿದಾಗ ಅವಳು ಏಪ್ರನ್ ಮಡಚಿಕೊಂಡು ತಮ್ಮೂರು ತೊಂಗ್ಯೊಂಗ್‌ಗೆ, ಸೊಹೊ ಸಂತೆಯಲ್ಲಿದ್ದ ಅಮ್ಮನ ಒಣಮೀನಿನ ಅಂಗಡಿಗೆ ಬಂದಳು. ಆಗ ಸಂತೆಯಲ್ಲಿ ಗಿರಾಕಿಗಳಿಗಿಂತ ಬೆಕ್ಕುಗಳೇ ಹೆಚ್ಚಿದ್ದವು. ಅದಕ್ಕೇ ಫೋನಿನಲ್ಲಿ ಮಾರೋಣ ಎಂದು ಹೊರಟಿದ್ದು.

ಜೆಗೊನ್ ತಾನಾಗಿಯೇ ಅವಳ ಮಾರ್ಕೆಟಿಂಗ್ ಗುರುವಾದ. ಊಟದ ಬಿಡುವಿನಲ್ಲಿ ವಿಡಿಯೋ ನೋಡಿ ಕಲಿತದ್ದನ್ನೆಲ್ಲ ಸಂಜೆ ಅವಳಿಗೆ ಉಪದೇಶಿಸಿದ. ಹಿಂದೆ ನೀಲಿ ಪರದೆ ಕಟ್ಟು, ಮೆಲ್ಲಗೆ ಮಾತಾಡು, ಮೀನಿನ ಮೇಲೆ ದೀಪ ಹಾಕು. ಅವಳು ಎಲ್ಲವನ್ನೂ ಮಾಡಿದಳು. ನೀಲಿ ಪರದೆಯ ಮುಂದೆ, ದೀಪದ ಕೆಳಗೆ, ಮೀನುಗಳು ಶವಾಗಾರದಲ್ಲಿ ಇಟ್ಟ ಹಾಗೆ ಕಂಡವು. ನಾಲ್ಕು ತಿಂಗಳಾದರೂ ಲೈವ್ ನೋಡುವವರು ಆರೇಳು ಮಂದಿ.

ಆಮೇಲೆ ಒಂದು ಮಂಗಳವಾರ ಮಿರಾನಳಿಗೆ ಬೇಸರ ಬಂತು. ಹೋಟೆಲೊಂದಕ್ಕೆ ಎರಡು ಡಬ್ಬಿ ಮೀನು ಬಿಡಿಸಿ ಕೊಡುವುದಾಗಿ ಒಪ್ಪಿಕೊಂಡಿದ್ದಳು. ಲೈವ್ ಶುರುವಾಗಿತ್ತು, ಜೆಗೊನ್ ಬರೆದುಕೊಟ್ಟ ಚೀಟಿ ಮುಂದಿತ್ತು. ಅವಳು ಚೀಟಿಯನ್ನು ಹಾಸಿ, ಅದರ ಮೇಲೆ ಮೀನು ಸುರಿದು, ಕ್ಯಾಮೆರಾದ ಎದುರಿಗೇ ಬಿಡಿಸತೊಡಗಿದಳು. ನೋಡುತ್ತಿದ್ದ ಆರು ಜನರಲ್ಲಿ ಒಬ್ಬಳು, ನಮ್ಮನೇಲೂ ಒಂದು ಚೀಲ ಇದೆ, ಬಿಡಿಸೋಕೆ ಮನಸ್ಸೇ ಬರ್ತಿಲ್ಲ ಎಂದು ಬರೆದಳು. ತಗೊಂಡು ಬನ್ನಿ ಅಕ್ಕ, ಜೊತೇಲಿ ಮುಗಿಸೋಣ ಎಂದಳು ಮಿರಾನ್. ಆ ಅಕ್ಕ ನಿಜವಾಗಿಯೂ ತನ್ನ ಮನೆಯಲ್ಲೇ ಫೋನಿನ ಮುಂದೆ ಚೀಲ ತಂದು ಕೂತಳು. ಇಬ್ಬರೂ ಒಂದೂವರೆ ಗಂಟೆ ಅತ್ತೆಯಂದಿರ ಬಗ್ಗೆ ಮಾತಾಡಿದರು. ಮಿರಾನಳಿಗೆ ಮದುವೆಯೇ ಆಗಿಲ್ಲ ಎಂಬುದು ಅದಕ್ಕೆ ಅಡ್ಡಿಯಾಗಲಿಲ್ಲ.

ಮರುವಾರ ನಲವತ್ತು ಮಂದಿ ಚೀಲ ಹಿಡಿದು ಲೈವ್‌ಗೆ ಬಂದರು. ಚೀಲ ಖಾಲಿಯಾದವರು ಹೊಸದು ಕೇಳಿದರು. ಹ್ವಾಜಾ ಹಿಂದೆ ನಿಂತು ತೂಗತೊಡಗಿದಳು. ಸಂತೆಯಲ್ಲಿ ಹುಟ್ಟಿ ಬೆಳೆದ ಜೀವ ಅದು, ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಕೈ ಕೆಳಗಿಳಿಯುವುದಿಲ್ಲ. ಫೋನಿನ ಗಿರಾಕಿಗೆ ಕೊಸರು ಕಾಣುವುದಿಲ್ಲವಲ್ಲ ಎಂಬ ಚಿಂತೆ ಅವಳಿಗೆ. ಆದ್ದರಿಂದ ಪ್ರತಿ ಆರ್ಡರಿಗೂ ಹೆಸರು ಕೂಗಿ, ಹಿಡಿಯನ್ನು ಕ್ಯಾಮೆರಾಕ್ಕೆ ತೋರಿಸಿ, ಆಮೇಲೆ ಚೀಲಕ್ಕೆ ಹಾಕಿದಳು. ದೂರದ ಊರುಗಳಲ್ಲಿ ಹನ್ನೆರಡನೆಯ ಮಹಡಿಯಲ್ಲಿ ಒಬ್ಬರೇ ಇರುವವರು ತಮ್ಮ ಹೆಸರನ್ನು ಒಬ್ಬ ಮುದುಕಿ ಸಂತೆಯ ದನಿಯಲ್ಲಿ ಕೂಗುವುದನ್ನು ಕೇಳಲಿಕ್ಕೇ ಮೀನು ಕೊಂಡರು. ಜೆಗೊನ್ ನೋಡಿದ ಯಾವ ವಿಡಿಯೋದಲ್ಲೂ ಈ ಪಾಠ ಇರಲಿಲ್ಲ. ಆದರೂ ಅವನು, ನೀಲಿ ಪರದೆ ಜನರ ಮನಸ್ಸನ್ನು ಹದ ಮಾಡಿಟ್ಟಿತ್ತು ಎಂದು ನಂಬಿದ.

ಹೀಗಿರುವಾಗ ಮೇ ತಿಂಗಳ ಒಂದು ಬೆಳಿಗ್ಗೆ ಮಿರಾನಳಿಂದ ಸಂದೇಶ ಬಂತು. ದೊಡ್ಡ ಖರೀದಿ ಆ್ಯಪ್ ಒಂದು ಗುರುವಾರ ಮಧ್ಯಾಹ್ನ ಅವಳ ಲೈವನ್ನು ತನ್ನ ಮೊದಲ ಪುಟದಲ್ಲೇ ಹಾಕುತ್ತದಂತೆ. ಹತ್ತು ಸಾವಿರನೆಯ ಆರ್ಡರಿಗೆ ಇನ್ನು ಮುನ್ನೂರು ಚಿಲ್ಲರೆ ಬಾಕಿ. ಅವತ್ತೇ ಆಗಬಹುದು. ಬಲೆ ಇಡುತ್ತಿದ್ದ ಹಳೆಯ ಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದಿದ್ದೇನೆ, ಅಲ್ಲಿಗೇ ಬಾ, ಅಮ್ಮ ಕೆಂಪು ಕಾಳಿನ ಅಕ್ಕಿ ಕಡುಬು ಬೇಯಿಸ್ತಾಳೆ. ಇದನ್ನು ನಿನಗೇ ಮೊದಲು ಹೇಳ್ತಿದೀನಿ ಎಂದು ಕೊನೆಯ ಸಾಲು.

ಜೆಗೊನ್ ಆ ಕೊನೆಯ ಸಾಲನ್ನು ಐದು ಸಲ ಓದಿದ. ಆಮೇಲೆ ಶಾಲೆಯ ಗೆಳೆಯರ ಗುಂಪಿಗೆ, ಕಂಪನಿಯ ಗುಂಪಿಗೆ, ಅವಸರದಲ್ಲಿ ಹಲ್ಲಿನ ಡಾಕ್ಟರ ಗುಂಪಿಗೂ ಸುದ್ದಿ ಹಾಕಿದ. ಅದೇ ಹುಮ್ಮಸ್ಸಿನಲ್ಲಿ ರಾಜೀನಾಮೆ ಪತ್ರ ಬರೆದು ಕೋಟಿನ ಒಳಜೇಬಿಗೆ ಸೇರಿಸಿದ. ಅವಳಿಗೆ ಈಗ ಒಬ್ಬ ಮಾರ್ಕೆಟಿಂಗ್ ಮುಖ್ಯಸ್ಥ ಬೇಕೇ ಬೇಕು. ಮೊದಲ ದಿನದಿಂದ ಜೊತೆಗಿದ್ದವನು, ‘ಬೆಳದಿಂಗಳು’ ಎಂಬ ಅಪರಿಚಿತೆಯನ್ನು ಒಂದೇ ಸಾಲಿನಲ್ಲಿ ಗೆದ್ದವನು, ಅವನಲ್ಲದೆ ಇನ್ನಾರು? ಗುರುವಾರ ಕೇಳುವುದು, ಹೂಂ ಎಂದರೆ ಶುಕ್ರವಾರ ಪತ್ರವನ್ನು ಸೆಕ್ಷನ್ನಿನ ಮುಖ್ಯಸ್ಥ ಪ್ಯೋನ್ ಅವರ ಮೇಜಿನ ಮೇಲಿಡುವುದು.

ಅರ್ಧ ದಿನದ ರಜೆ ಕೇಳಲು ಹೋದಾಗ ಪ್ಯೋನ್ ಕನ್ನಡಕದ ಮೇಲಿಂದ ನೋಡಿದರು. ಯಾತಕ್ಕಪ್ಪ ಎಂದರು. ಮಿರಾನಳ ಹೆಸರು ಹೇಳಿದ.

“ಆ ಮೀನು ಹುಡುಗೀನಾ? ಹೋದ ತಿಂಗಳು ಆ ಅಜ್ಜಿ ನಮ್ಮನೆಯವಳ ಹೆಸರು ಕೂಗಿದ್ರು ಕಣಯ್ಯ. ಮೂರು ದಿನ ಮನೇಲಿ ಬೇರೆ ಮಾತೇ ಇಲ್ಲ. ನಾನು ಮೂವತ್ತು ವರ್ಷದಿಂದ ಕೂಗ್ತಿದೀನಿ, ಒಂದು ದಿನ ಅಷ್ಟು ಖುಷಿ ಪಟ್ಟಿಲ್ಲ.”

ಹೂವಿನಂಗಡಿಯವನಿಗೆ ಜೆಗೊನ್ ಫೋನ್ ಮಾಡಿದಾಗ ಅವನು ಅಭ್ಯಾಸದಂತೆ ಮದುವೆಯೋ ಸಾವೋ ಎಂದು ಕೇಳಿ, ನಿರ್ದೇಶಕರ ಹೆಸರು ಬರೆದುಕೊಳ್ಳಲು ಶುರುಮಾಡಿದ. ಅಲ್ಲ, ನನ್ನ ಹೆಸರು ಎಂದ ಜೆಗೊನ್. ಆರು ವರ್ಷದಿಂದ ಮಾತಾಡ್ತಿದ್ರೂ ನಿಮ್ಮ ಹೆಸರೇ ನಂಗೆ ಗೊತ್ತಿಲ್ಲವಲ್ಲ ಸಾರ್ ಎಂದ ಅವನು.

ಗುರುವಾರ ಜೆಗೊನ್ ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಹೂವಿನ ಸ್ತಂಭ ಬಾಗಿಲಲ್ಲಿ ನಿಂತಿತ್ತು. ರಿಬ್ಬನ್ನಿನ ಮೇಲೆ ಅವನು ಬರೆಸಿದ್ದ ಸಾಲು: ‘ಲಕ್ಷಾಂತರ ತಲೆ ಮುರಿದವಳಿಗೆ ಜಯವಾಗಲಿ’. ಪಕ್ಕದ ಬಸ್ ನಿಲ್ದಾಣದಲ್ಲಿದ್ದ ಇಬ್ಬರು ಮುದುಕರು ಅದನ್ನು ಓದಿ ರಸ್ತೆಯ ಆ ಬದಿಗೆ ಹೋಗಿ ನಿಂತರು. ಒಳಗೆ ಸಂತೆಯ ಹೆಂಗಸರೆಲ್ಲ ಸೇರಿದ್ದರು. ಹೊಸ ಜಾಗಕ್ಕೆ ಬರುವವರು ತರುವ ವಾಡಿಕೆಯಂತೆ ಎಲ್ಲರೂ ಶೌಚದ ಕಾಗದದ ಸುರುಳಿಗಳನ್ನೇ ತಂದಿದ್ದರು. ಸುರುಳಿ ಬಿಚ್ಚಿಕೊಂಡ ಹಾಗೆ ಕೆಲಸವೂ ಸಲೀಸಾಗಿ ಬಿಚ್ಚಿಕೊಳ್ಳಲಿ ಎಂಬ ಹಾರೈಕೆ. ಒಂದು ಮೂಲೆಯಲ್ಲಿ ಹಾರೈಕೆ ಸೂರಿಗೆ ತಾಗಿತ್ತು. ಕಡುಬಿನ ಹಬೆ, ಮೀನಿನ ವಾಸನೆ, ಹತ್ತಾರು ಬಾಯಿ. ನಡುವೆ ಮಿರಾನ್ ಅದೇ ಕ್ಯಾಂಟೀನಿನ ಏಪ್ರನ್ ಕಟ್ಟಿಕೊಂಡು ನೆಲದ ಮೇಲೆ ಕೂತು ಬಿಡಿಸುತ್ತಿದ್ದಳು. ಅವನನ್ನು ಕಂಡವಳು ಗಲ್ಲದಿಂದಲೇ ರಿಬ್ಬನ್ ತೋರಿಸಿ, “ನನ್ನೇನು ಕೊಲೆಗಾರ್ತಿ ಮಾಡಿದೀಯಾ? ಕೂತ್ಕೋ. ಕೈ ತೊಳ್ಕೊಂಡು ಕೂತ್ಕೋ,” ಎಂದಳು.

ಲೈವ್ ಶುರುವಾಯಿತು. ನೋಡುವವರು ಮೂರು ಸಾವಿರ, ಐದು ಸಾವಿರ, ಹನ್ನೊಂದು ಸಾವಿರ. ಈ ಸಲ ಜೆಗೊನ್ ಹೃದಯಗಳತ್ತ ಕಣ್ಣು ಹಾಯಿಸದೆ ಆರ್ಡರಿನ ಸಂಖ್ಯೆಯನ್ನೇ ನೋಡಿದ. ಅವನ ಕೈಯಲ್ಲೂ ಮೀನು ಕೊಟ್ಟಿದ್ದರು. ಉತ್ಸಾಹಕ್ಕೆ ತಲೆಯ ಜೊತೆ ಅರ್ಧ ಮೀನೇ ಮುರಿದು ಬರುತ್ತಿತ್ತು, ಕರುಳು ಮಾತ್ರ ಇದ್ದಲ್ಲೇ ಉಳಿಯುತ್ತಿತ್ತು. ಪಕ್ಕದ ಹೆಂಗಸು ಅವನ ರಾಶಿಯನ್ನು ತನ್ನ ರಾಶಿಯಿಂದ ಸದ್ದಿಲ್ಲದೆ ದೂರ ಸರಿಸಿದಳು.

ಒಂಬತ್ತು ಸಾವಿರದ ಒಂಬೈನೂರ ಎಂಬತ್ತು. ಹ್ವಾಜಾಳ ದನಿ ಕಟ್ಟಿ ಕೀರಲಾಗಿತ್ತು, ಆದರೂ ಒಂದು ಹೆಸರು ಬಿಡದೆ ಕೂಗುತ್ತಿದ್ದಳು. ತೊಂಬತ್ತೊಂದು. ಜೆಗೊನ್‌ನ ಬೆರಳು ತಾನೇ ತಾನಾಗಿ ಜೇಬಿನ ಫೋನಿನತ್ತ ಹೋಯಿತು.

“ಲೋ, ನೀನು ಆರ್ಡರ್ ಒತ್ತಿದ್ರೆ ಕೈ ಮುರೀತೀನಿ,” ಎಂದಳು ಮಿರಾನ್, ಕ್ಯಾಮೆರಾಕ್ಕೆ ನಗುತ್ತಲೇ.

ತೊಂಬತ್ತೇಳು. ತೊಂಬತ್ತೆಂಟು. ಅಲ್ಲೇ ನಿಂತಿತು. ಒಂದು ನಿಮಿಷ ಏನೂ ಅಲುಗಲಿಲ್ಲ. ಯಾರೋ ಕಡುಬು ಅಗಿಯುವುದನ್ನೂ ನಿಲ್ಲಿಸಿದರು. ಆಮೇಲೆ ಒಮ್ಮೆಲೇ ಎರಡು. ಹತ್ತು ಸಾವಿರನೆಯವರು ಜೊಂಗ್‌ಸೊನ್ ಬೆಟ್ಟದೂರಿನ ಒಬ್ಬ ಮುದುಕ, ಈ ಸಮುದ್ರಕ್ಕೆ ನೂರಾರು ಮೈಲಿ ದೂರದವರು. ಹ್ವಾಜಾ ಅವರ ಹೆಸರು ಕೂಗಲು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅವಳು ಎರಡೂ ಬೊಗಸೆ ತುಂಬ ಮೀನೆತ್ತಿ ಕ್ಯಾಮೆರಾಕ್ಕೆ ತೋರಿಸಿದಳು. ಹೆಸರನ್ನು ಇಡೀ ಕೊಟ್ಟಿಗೆಯೇ ಕೂಗಿತು. ಜೆಗೊನ್ ಎಲ್ಲರಿಗಿಂತ ಜೋರಾಗಿ ಕೂಗಿದ. ಕಣ್ಣೊರೆಸಿಕೊಂಡ ಕೈಯಲ್ಲಿ ಮೀನಿನ ಉಪ್ಪಿತ್ತು, ಅದಕ್ಕೇ ನೀರು ಬಂತು ಎಂದು ಆಮೇಲೆ ಹೇಳಿಕೊಂಡ.

ಗದ್ದಲ ಸ್ವಲ್ಪ ತಗ್ಗಿದ ಮೇಲೆ, ಕಾಗದದ ಸುರುಳಿಗಳ ರಾಶಿಯ ಹಿಂದೆ ಮಿರಾನ್ ಕೈ ತೊಳೆಯುತ್ತಿದ್ದಾಗ, ಅವನು ಹೋಗಿ ಪಕ್ಕ ನಿಂತ. ಪತ್ರ ತೆಗೆದು ತೋರಿಸಿದ. ನೀನು ಹೂಂ ಅಂದರೆ ನಾಳೆಯೇ ಕೊಡುತ್ತೇನೆ, ನಿನ್ನ ಮಾರ್ಕೆಟಿಂಗ್ ನಾನು ನೋಡಿಕೊಳ್ಳುತ್ತೇನೆ ಎಂದ. ಇಡೀ ದಾರಿ ಅಭ್ಯಾಸ ಮಾಡಿಕೊಂಡು ಬಂದ ಮಾತು, ಆದರೂ ಕೊನೆಯಲ್ಲಿ ಅಭ್ಯಾಸ ಮಾಡದ ಒಂದು ಪ್ರಶ್ನೆ ಬಾಯಿಂದ ಜಾರಿತು.

“ನಿಜ ಹೇಳು. ಈ ಹತ್ತು ಸಾವಿರದಲ್ಲಿ ನನ್ನ ಬರಹ ನೋಡಿ ಬಂದೋರು ಎಷ್ಟು?”

ಮಿರಾನ್ ಏಪ್ರನ್ನಿಗೆ ಕೈ ಒರೆಸಿಕೊಂಡು, ಪತ್ರವನ್ನು ಮಡಚಿ ವಾಪಸು ಅವನ ಜೇಬಿಗೇ ಹಾಕಿದಳು.

“ಇಬ್ರು. ಒಬ್ಬ ನೀನು, ಇನ್ನೊಬ್ರು ಬೆಳದಿಂಗಳು. ಬೆಳದಿಂಗಳು ಅಂದ್ರೆ ನಿಮ್ಮಮ್ಮ ಕಣೋ. ಕೆಲಸ ಬಿಡ್ಬೇಡ. ಶನಿವಾರ ಬಾ, ಮೊದ್ಲು ಕರುಳು ತೆಗೆಯೋದು ಕಲಿ.”