ಇದ್ದ ಹಾಗೇ ಮಾರಿದ ಗುಂಡು

ಪಂಪ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಲೇತ್ ಮಾಮ. ಕೆಲಸ ಬಿಟ್ಟ ಮೇಲೂ ಕೈ ಸುಮ್ಮನಿರದೆ, ಮನೆಯ ಹಿಂದಿನ ಶೆಡ್ಡಿನಲ್ಲಿ ಸಣ್ಣದೊಂದು ಲೇತ್ ಹಾಕಿಕೊಂಡು ಯಾರದೋ ಮೋಟಾರಿನ ಬುಶ್ಶು, ಯಾರದೋ ಗೇಟಿನ ಬೋಲ್ಟು ಕಡೆದುಕೊಡುತ್ತಿದ್ದ. ಮದುವೆಯ ತಂಟೆಗೆ ಹೋದವನಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದ ಅಕ್ಕ ಮತ್ತು ಅವನು, ಇಬ್ಬರೇ ಮನೆಯಲ್ಲಿ. ಅವನಿಗಿದ್ದ ಹುಚ್ಚು ಒಂದೇ, ಹಳೇ ಹಿತ್ತಾಳೆ. ಹಡಗಿನ ಗಂಟೆ, ದಿಕ್ಸೂಚಿ, ತಕ್ಕಡಿ, ಯಾವ ಕಾಲದ್ದೋ ನಲ್ಲಿಯ ತಿರುಪು, ಎಲ್ಲ ಮೊದಲು ಶೆಡ್ಡಿನಲ್ಲಿದ್ದವು, ಆಮೇಲೆ ನಡುಮನೆಗೆ ಬಂದವು.

"ನಿನ್ನ ಹಿತ್ತಾಳೆ ಸಂಸಾರ ಹೀಗೇ ಬೆಳೀತಾ ಹೋದ್ರೆ ನಾನು ಬಾಗಿಲ ಹೊರಗೆ ಮಲಗ್ಬೇಕಾಗತ್ತೆ ಕಣೋ" ಎಂದು ಅಕ್ಕ ಗೊಣಗುತ್ತಿದ್ದಳು. ಗೊಣಗುತ್ತಲೇ ವಾರಕ್ಕೊಮ್ಮೆ ಎಲ್ಲದರ ಧೂಳನ್ನೂ ಒರೆಸುತ್ತಿದ್ದಳು.

ಗುಜರಿ ಅಂಗಡಿಗಳನ್ನು ಸುತ್ತುವಷ್ಟು ದಿನ ಈ ಹುಚ್ಚು ಹದ್ದಿನಲ್ಲಿತ್ತು. ಫೋನಿನಲ್ಲೇ ಹರಾಜು ಕೂಗಬಹುದು ಎಂದು ತಿಳಿದ ದಿನದಿಂದ ಅದಕ್ಕೆ ಲಗಾಮಿರಲಿಲ್ಲ. ಅಲ್ಲಿ ಕೂಗಲು ಒಂದು ಅಡ್ಡಹೆಸರು ಬೇಕೆಂದಾಗ ಸೂಚಿಸಿದವಳು ಅಕ್ಕನೇ. "ಹಿತ್ತಾಳೆ ಕಿವಿ ಅಂತ ಇಟ್ಕೋ. ಯಾರೇನು ಬರೆದ್ರೂ ನಂಬ್ತೀಯಲ್ಲ, ಸರಿಹೋಗತ್ತೆ." ಅವನು ಅದನ್ನೇ ಇಟ್ಟುಕೊಂಡ.

ಅಕ್ಕ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿತ್ತಾಳೆಯ ದುರ್ಬೀನು ಎಂದು ಬಂದದ್ದು ಬಣ್ಣ ಬಳಿದ ತಗಡಾಗಿತ್ತು. ಚೆಂದದ ಗಡಿಯಾರವೊಂದರ ಹೊಟ್ಟೆಯಲ್ಲಿ ಒಂದು ಚಕ್ರವೂ ಇರಲಿಲ್ಲ. ದೂರಿದರೆ ಎಲ್ಲರದೂ ಒಂದೇ ಉತ್ತರ: ವಸ್ತುವನ್ನು ಇದ್ದ ಹಾಗೇ ಮಾರಲಾಗಿದೆ, ಪರೀಕ್ಷಿಸಿಲ್ಲ, ವಾಪಸು ತೆಗೆದುಕೊಳ್ಳುವುದಿಲ್ಲ. ಪ್ರತಿ ಹರಾಜಿನ ಕೆಳಗೂ ಇರುತ್ತಿದ್ದ ಆ ಸಾಲನ್ನು ಅವನು ಎಷ್ಟು ಸಲ ನೋಡಿದ್ದನೆಂದರೆ, ಈಗೀಗ ಅದು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ.

ಕಣ್ಣಿಗೆ ಬೀಳುತ್ತಿದ್ದದ್ದು ಒಬ್ಬ ಎದುರಾಳಿ. ಹೆಸರು ಮಿಡತೆ. ಗಂಡೋ ಹೆಣ್ಣೋ, ಎಲ್ಲಿಯವರೋ ಗೊತ್ತಿಲ್ಲ. ಹರಾಜು ಮುಗಿಯಲು ಹತ್ತು ಸೆಕೆಂಡು ಇರುವಾಗ ಎಲ್ಲಿಂದಲೋ ಹಾರಿ ಬಂದು ವಸ್ತುವನ್ನು ಎಗರಿಸಿಕೊಂಡು ಹೋಗುವ ಆಸಾಮಿ. ಎರಡು ವರ್ಷದಲ್ಲಿ ಲೇತ್ ಮಾಮನ ಬಾಯಿಂದ ಏಳು ತುತ್ತು ಕಿತ್ತಿತ್ತು.

ಹಾಗಾಗಿ ಆ ಜೋಡಿ ಫಿರಂಗಿ ಗುಂಡುಗಳು ಹರಾಜಿಗೆ ಬಂದಾಗ ಅವನು ಹಟಕ್ಕೆ ಬಿದ್ದ. ಮೊಣಕೈಯುದ್ದದ ಕಬ್ಬಿಣದ ಗುಂಡು, ಸೊಂಟಕ್ಕೆ ತಾಮ್ರದ ಪಟ್ಟಿ, ಮೇಲೆ ಹಿತ್ತಾಳೆಯ ಮೂತಿ. ಆ ಮೂತಿಯ ಮೇಲೆ ಕೆತ್ತಿದ ಅಂಕಿಗಳನ್ನು ನೋಡಿಯೇ ಅವನು ಸೋತುಹೋಗಿದ್ದ. ಅಷ್ಟು ಸಣ್ಣ ಗೆರೆಗಳನ್ನು ಅಷ್ಟು ಸಮನಾಗಿ ಕಡೆದವನು ಯಾರೋ ದೊಡ್ಡ ಕೆಲಸಗಾರ. ಫೋಟೋ ಎರಡೇ ಇದ್ದವು, ಎರಡೂ ಪಕ್ಕದಿಂದ ತೆಗೆದವು. ಕೆಳಗೆ ಬರೆದಿತ್ತು: "ಅಲಂಕಾರದ ವಸ್ತು. ಖಾಲಿ ಇರಬಹುದು. ಪರೀಕ್ಷಿಸಿಲ್ಲ." ಎರಡನ್ನೂ ಬೇರೆಬೇರೆಯಾಗಿ ಕೂಗಿದರು. ಮೊದಲನೆಯದು ಅವನಿಗೆ ದಕ್ಕಿತು. ಎರಡನೆಯದನ್ನು ಮಿಡತೆ ಹಾರಿಸಿಕೊಂಡು ಹೋಯಿತು.

ಪೆಟ್ಟಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ತಂದವನು ಅದನ್ನು ಬಾಗಿಲಲ್ಲಿ ದೊಪ್ಪನೆ ಕೆಡವಿ, ಸಹಿ ಹಾಕಿಸಿಕೊಂಡು ಹೋದ. ಲೇತ್ ಮಾಮ ತಿಂಡಿಯನ್ನೂ ತಿನ್ನದೆ ಅದನ್ನು ಶೆಡ್ಡಿಗೆ ಹೊತ್ತ. ಪೆಟ್ಟಿಗೆ ಒಡೆದು ಗುಂಡನ್ನು ತೂಕಕ್ಕಿಟ್ಟ: ಹನ್ನೊಂದೂವರೆ ಕಿಲೋ. ಗುಂಡಿನ ಗೋಡೆ ದಪ್ಪಗಿರಬೇಕು, ಒಳ್ಳೇ ಮಾಲು ಎಂದು ಖುಷಿಪಟ್ಟ. ಮರದ ತುಂಡುಗಳ ನಡುವೆ ಇಟ್ಟು ಮೇಜಿನ ವೈಸಿನ ಇಕ್ಕಳಕ್ಕೆ ಬಿಗಿದ, ಸೀಮೆಎಣ್ಣೆ ಬಿಟ್ಟು ತುಕ್ಕು ನೆನೆಸಿದ. ಮೂತಿಯನ್ನು ಬಿಚ್ಚಿ ಬೇರೆಯಾಗಿ ಹೊಳಪು ಕೊಡಬೇಕೆಂದು ಪೈಪ್ ಪಾನಾ ಹಾಕಿ ಎಳೆದ. ಜಗ್ಗಲಿಲ್ಲ. ಮರದ ಸುತ್ತಿಗೆ ತೆಗೆದುಕೊಂಡು, ತಿರುಪು ಸಡಿಲವಾಗಲಿ ಎಂದು, ಕತ್ತಿನ ಸುತ್ತ ನಾಲ್ಕು ಏಟು ಹಾಕಿದ.

ನಾಲ್ಕನೆಯ ಏಟಾದ ಮೇಲೆ ಅವನ ಕೈ ಗಾಳಿಯಲ್ಲೇ ನಿಂತಿತು.

ಪೊಳ್ಳು ಲೋಹಕ್ಕೆ ಬಡಿದರೆ ಅದು ದನಿ ಕೊಡುತ್ತದೆ. ಇದು ದನಿ ಕೊಡಲಿಲ್ಲ. ತುಂಬಿದ ಚೀಲಕ್ಕೆ ಗುದ್ದಿದ ಹಾಗೆ ದಪ್ ದಪ್ ಎಂದಿತು. ಮೂವತ್ತೊಂದು ವರ್ಷ ಲೋಹದ ಸದ್ದು ಕೇಳಿ ಪಳಗಿದ ಕಿವಿ ಅದು. ಸುತ್ತಿಗೆಯನ್ನು ಹತ್ತಿಯ ಮೇಲಿಡುವವನಂತೆ ಮೇಜಿನ ಮೇಲಿಟ್ಟ. ಸೀಸದಕಡ್ಡಿ ತೆಗೆದುಕೊಂಡು ಶೆಡ್ಡಿನ ಗೋಡೆಯ ಮೇಲೆಯೇ ಲೆಕ್ಕ ಹಾಕಿದ. ಇಷ್ಟು ಉದ್ದ, ಇಷ್ಟು ಸುತ್ತಳತೆ, ಗುಂಡಿನ ಗೋಡೆ ಎಷ್ಟೇ ದಪ್ಪ ಎಂದುಕೊಂಡರೂ ಖಾಲಿ ಗುಂಡು ಎಂಟು ಕಿಲೋ ದಾಟಬಾರದು. ಇನ್ನೊಮ್ಮೆ ಹಾಕಿದ. ಮತ್ತೆ ಎಂಟೇ ಬಂತು. ಉಳಿದ ಮೂರೂವರೆ ಕಿಲೋ ಒಳಗೆ ತುಂಬಿದ ಸಿಡಿಮದ್ದೇ ಇರಬೇಕು. ಬಾಗಿಲನ್ನೂ ಎಳೆದುಕೊಳ್ಳದೆ, ತುದಿಗಾಲಲ್ಲಿ ಹಿಂದಡಿ ಇಡುತ್ತ ಹೊರಗೆ ಬಂದ.

"ಅಕ್ಕ, ಚಪ್ಪಲಿ ಹಾಕ್ಕೋ. ಹೊರಗೆ ನಡಿ."

"ಒಲೆ ಮೇಲೆ ಹಾಲಿದೆ."

"ಒಲೆ ಆರಿಸು. ಹಾಲು ಹಾಳಾಗ್ಲಿ. ನಡಿ ಅಂದೆ."

ಅಕ್ಕ ಅವನ ಮುಖ ನೋಡಿದಳು. ಎಷ್ಟೋ ಮುಖಗಳನ್ನು ನೋಡಿ ಗೊತ್ತಿದ್ದವಳು. ಒಲೆ ಆರಿಸಿ ಹೊರಟಳು. ಪಕ್ಕದ ಮನೆಯ ದರ್ಜಿಯನ್ನೂ ಎದುರುಮನೆಯ ಬಸುರಿಯನ್ನೂ ಎಬ್ಬಿಸಿ ಹೊರಡಿಸಿದ್ದು ಅವಳೇ. ಅವನು ಪೊಲೀಸರಿಗೆ ಫೋನ್ ಮಾಡುತ್ತಿದ್ದ.

ಮುಕ್ಕಾಲು ಗಂಟೆಯಲ್ಲಿ ಬೀದಿ ಬರಿದಾಯಿತು. ಪೊಲೀಸರು ಅಡ್ಡಕ್ಕೆ ಪಟ್ಟಿ ಕಟ್ಟಿದರು. ಬಾಂಬ್ ನಿಷ್ಕ್ರಿಯ ದಳದ, ದಪ್ಪ ಕವಚ ತೊಟ್ಟ ಇಬ್ಬರು ಶೆಡ್ಡಿನ ಕಡೆ ನಡೆದರು. ಬೀದಿಯ ತುದಿಯ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಲೇತ್ ಮಾಮನಿಗೆ ಆಗ ಹೊಳೆಯಿತು, ಗುಂಡು ಎರಡಿದ್ದವು.

ಮಾರಿದವನಿಗೆ ಫೋನ್ ಹಚ್ಚಿದ. ಯಾರೋ ತೀರಿಕೊಂಡವರ ಮನೆಯ ಉಗ್ರಾಣ ಖಾಲಿ ಮಾಡಿಸಿ, ಸಿಕ್ಕಿದ್ದನ್ನೆಲ್ಲ ಹರಾಜಿಗಿಟ್ಟ ವ್ಯಾಪಾರಿ ಅವನು.

"ಪರೀಕ್ಷಿಸಿಲ್ಲ ಅಂತ ಬರೆದಿದ್ವಲ್ಲ ಸಾರ್. ಓದ್ಲಿಲ್ವಾ?"

"ಓದಿದೆನಪ್ಪಾ, ತಪ್ಪು ನಂದೇ. ಇನ್ನೊಂದು ತಗೊಂಡವ್ರ ನಂಬರ್ ಕೊಡು. ಜೀವದ ಮಾತು."

"ಗ್ರಾಹಕರ ವಿವರ ಕೊಡೋ ಹಾಗಿಲ್ಲ. ಒಂದ್ಸಲ ಮಾರಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಎಂದು ಇಟ್ಟೇಬಿಟ್ಟ.

ಪಟ್ಟಿಯ ಬಳಿ ನಿಂತಿದ್ದ ಪೊಲೀಸನಿಗೆ ಆ ನಂಬರು ಕೊಟ್ಟ. ವಿಚಾರಿಸೋಣ ಎಂದು ಅವನು ಬರೆದುಕೊಂಡ. ಆದರೆ ವಿಚಾರಣೆ ಮುಗಿಯುವವರೆಗೆ ಆ ಗುಂಡು ಕಾಯಬೇಕಲ್ಲ? ಉಳಿದ ದಾರಿ ಒಂದೇ, ಹರಾಜಿನ ತಾಣದಲ್ಲಿ ಮಿಡತೆಗೆ ಸಂದೇಶ ಕಳಿಸುವುದು. ಹೀಗೆ ಬರೆದ: "ಗುಂಡನ್ನು ಮುಟ್ಟಬೇಡಿ. ಒಳಗೆ ಮದ್ದು ಇರಬಹುದು."

ಉತ್ತರ ಬೇಗನೇ ಬಂತು. "ಸೋತಿದ್ದಕ್ಕೆ ಹೊಟ್ಟೆಕಿಚ್ಚಾ ಹಿತ್ತಾಳೆ ಕಿವಿಯವರೇ? ಹೆದರಿಸಿ ನನ್ನ ಕೈಯಿಂದ ಬಿಡಿಸಿಕೊಳ್ಳೋ ಉಪಾಯ ಚೆನ್ನಾಗಿದೆ. ಟೇಬಲ್ ದೀಪ ಮಾಡ್ತಿದ್ದೀನಿ. ಆಗಲೇ ಡ್ರಿಲ್ ಶುರು ಮಾಡಿಯಾಯ್ತು."

ಪೊಲೀಸರು ಬಂದಿದ್ದಾರೆ ಎಂದು ಬರೆದ. ಬರಿದಾದ ಬೀದಿಯ ಫೋಟೋ ಕಳಿಸಿದ. "ಇಂಥ ಫೋಟೋ ಎಲ್ಲಿ ಬೇಕಾದ್ರೂ ಸಿಗತ್ತೆ" ಎಂದು ಬಂತು. ಆಮೇಲೆ ಏನೂ ಇಲ್ಲ. ಒಂದು ನಿಮಿಷ. ಎರಡು ನಿಮಿಷ. ಎಲ್ಲೋ ಒಂದು ಕೋಣೆಯಲ್ಲಿ ಡ್ರಿಲ್ಲಿನ ಮೊನೆ ತಿರುಗುತ್ತಿದೆ, ಕಬ್ಬಿಣ ಬಿಸಿಯಾಗುತ್ತಿದೆ. ಅದರ ವಾಸನೆ ಇಲ್ಲೇ ಮೂಗಿಗೆ ಬಂದಂತಾಯಿತು.

"ಬೇಡ್ಕೋಬೇಡ ಕಣೋ" ಎಂದಳು ಪಕ್ಕದಲ್ಲಿ ಕೂತಿದ್ದ ಅಕ್ಕ. "ಬೇಡ್ಕೊಂಡಷ್ಟೂ ಅನುಮಾನ ಜಾಸ್ತಿ ಆಗತ್ತೆ. ನಿನಗೆ ಹೇಗೆ ಗೊತ್ತಾಯ್ತೋ ಅದನ್ನ ಹೇಳು."

ಅವನು ಹಾಗೇ ಮಾಡಿದ. "ನಾನು ಲೇತ್ ಕೆಲಸದವನು. ನಿಮ್ಮ ಗುಂಡಿನ ತೂಕ ಪೆಟ್ಟಿಗೆಯ ಮೇಲೇ ಬರೆದಿರುತ್ತೆ, ನೋಡಿ. ನನ್ನದು ಹನ್ನೊಂದೂವರೆ. ಖಾಲಿ ಇದ್ದರೆ ಎಂಟು ದಾಟಬಾರದು. ಇದನ್ನು ತಿಳಿಯದೆ ನಾನು ಬೆಳಿಗ್ಗೆ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿದೆ. ನನ್ನ ಪುಣ್ಯ, ಕೂತು ಬರೆಯುತ್ತಿದ್ದೇನೆ. ಗುಂಡು ನಿಮ್ಮದೇ, ನನಗೆ ಬೇಡ." ಕೆಳಗೆ ತನ್ನ ಫೋನ್ ನಂಬರು ಹಾಕಿದ.

ಹನ್ನೆರಡು ನಿಮಿಷ ಫೋನು ಸತ್ತಂತೆ ಬಿದ್ದಿತ್ತು. ಹದಿಮೂರನೆಯ ನಿಮಿಷಕ್ಕೆ ಹೊಡೆದುಕೊಂಡಿತು. ಹೆಣ್ಣಿನ ದನಿ.

"ನಾನು ಮಿಡತೆ. ಪೆಟ್ಟಿಗೆ ಮೇಲೆ ಹನ್ನೊಂದೂ ಮುಕ್ಕಾಲು ಅಂತಿದೆ. ಪೆಟ್ಟಿಗೆ ತೂಕ ಕಳೆದ್ರೂ ಎಂಟು ದಾಟತ್ತೆ. ಮೆಷಿನ್ ಆಫ್ ಮಾಡಿದ್ದೀನಿ. ತಳದಲ್ಲಿ ಉಗುರಿನಷ್ಟು ಆಳ ಕೊರೆದಿದ್ದೀನಿ. ಗುಂಡು ಅಲ್ಲೇ ಬಿಗಿದಿದೆ. ಬಿಚ್ಚಿ ಕೆಳಗಿಡ್ಲಾ?"

"ಬೇಡ ತಾಯಿ, ಮುಟ್ಟಲೇಬೇಡಿ! ಎಲ್ಲಿದ್ದೀರಿ?"

"ಹಲ್ಲಿನ ಕ್ಲಿನಿಕ್ ಮಹಡಿ ಮೇಲೆ. ಹಲ್ಲಿನ ಸೆಟ್ ಮಾಡೋದು ನನ್ನ ಕೆಲಸ. ಕೆಳಗಡೆ ಡಾಕ್ಟ್ರಿದ್ದಾರೆ, ಆರು ಜನ ರೋಗಿಗಳಿದ್ದಾರೆ. ಒಬ್ರು ಕುರ್ಚಿ ಮೇಲೆ ಬಾಯಿ ತೆಗೆದು ಕೂತಿದ್ದಾರೆ."

"ಅವ್ರನ್ನೂ ಎಬ್ಬಿಸಿ. ಬಾಯಿ ಆಮೇಲೆ ನೋಡ್ಕೊಳ್ಳಲಿ. ಮೊದಲು ನೀವು ಕೋಣೆಯಿಂದ ಹೊರಗೆ ಬನ್ನಿ."

ಅವಳು ಮೆಟ್ಟಿಲಿಳಿದ ಸದ್ದು ಕೇಳಿಸಿತು. ಆಮೇಲೆ ಗಂಡಸಿನ ದನಿ, ಡಾಕ್ಟರದ್ದಿರಬೇಕು: "ನಿನಗೇನು ತಲೆ ಕೆಟ್ಟಿದೆಯಾ? ಅರಿವಳಿಕೆ ಕೊಟ್ಟಾಗಿದೆ." ಲೇತ್ ಮಾಮ ಎದ್ದು ಓಡಿದ, ಪೊಲೀಸನ ಕಿವಿಗೆ ಫೋನ್ ಹಿಡಿದ. ಪೊಲೀಸ್ ದನಿಗೆ ಡಾಕ್ಟರು ಜಗ್ಗಿದರು. ಅವರ ಊರಿನ ಬಾಂಬ್ ದಳಕ್ಕೂ ಸುದ್ದಿ ಹೋಯಿತು.

ಮಧ್ಯಾಹ್ನ ಎರಡಕ್ಕೆ ಶೆಡ್ಡಿನಿಂದ ದಳದ ಮುಖ್ಯಸ್ಥ ಕವಚ ಬಿಚ್ಚುತ್ತ ಬಂದ. ಬೀದಿಯವರೆಲ್ಲ ಮುತ್ತಿಕೊಂಡರು.

"ಯಜಮಾನ್ರೇ, ಯಂತ್ರ ಇಟ್ಟು ಒಳಗೆಲ್ಲ ನೋಡಿದ್ವಿ. ಮರಳು. ತಾಲೀಮಿಗೆ ಅಂತ ಮರಳು ತುಂಬಿಸಿದ ಗುಂಡು ಅದು. ಸಿಡಿಯೋದಲ್ಲ."

ದರ್ಜಿ ನಕ್ಕ. "ಮೂರೂವರೆ ಕಿಲೋ ಮರಳಿಗೆ ನನ್ನ ಅರ್ಧ ದಿನದ ಹೊಲಿಗೆ ಹೋಯ್ತಲ್ಲ ಮಾಮ!" ಇನ್ನೂ ನಾಲ್ಕು ಜನ ನಕ್ಕರು. ಬಿಸಿಲಲ್ಲಿ ನಿಂತು ಕಾಲು ಊದಿಸಿಕೊಂಡಿದ್ದ ಬಸುರಿ ಮಾತ್ರ ನಗಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಲೇತ್ ಮಾಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಲ್ಲಿ ಹೀಗಾದರೆ ಅಲ್ಲಿಯ ಕಥೆ? ತನ್ನ ಮಾತು ಕೇಳಿ ಆ ಹೆಂಗಸು ಕ್ಲಿನಿಕ್ಕನ್ನೇ ಖಾಲಿ ಮಾಡಿಸಿದ್ದಾಳೆ. ಅವಳ ಕೆಲಸಕ್ಕೇ ಕುತ್ತು ಬಂದರೆ? ಗಾಬರಿ ಬೇಡ, ಬರೀ ಮರಳು ಎಂದು ಹೇಳಿಬಿಡೋಣವೆಂದು ಫೋನ್ ತೆಗೆದ.

ಅಕ್ಕ ಅವನ ಮಣಿಕಟ್ಟು ಹಿಡಿದಳು. "ಏನು ಹೇಳಕ್ಕೆ ಹೊರಟೆ?"

"ಅದೂ ಮರಳೇ ಇರತ್ತಲ್ಲಕ್ಕ, ಜೋಡಿ ಗುಂಡು."

"ನೀನು ನೋಡಿದ್ಯಾ?"

ಮುಖ್ಯಸ್ಥನೂ ತಲೆಯಾಡಿಸಿದ. "ಜೋಡಿ ಅಂದಿದ್ದು ಮಾರಿದವನು. ಇದಕ್ಕೂ ಅದಕ್ಕೂ ಎಷ್ಟು ವರ್ಷದ ಅಂತರವೋ ಯಾರಿಗೆ ಗೊತ್ತು. ಅವರ ದಳ ನೋಡೋವರೆಗೆ ಬಾಯಿ ಬಿಡಬೇಡಿ."

ಲೇತ್ ಮಾಮ ಫೋನನ್ನು ಜೇಬಿಗೆ ಹಾಕಿದ. ಮನೆಗೆ ಹೋಗಿ, ಆರಿದ ಹಾಲನ್ನು ನೋಡುತ್ತ ಅಡುಗೆಮನೆಯಲ್ಲೇ ಕೂತ. ಅದೂ ಮರಳಾದರೆ ಜನರೆದುರು ಮುಖ ಎತ್ತುವ ಹಾಗಿಲ್ಲ. ಮರಳಲ್ಲದಿದ್ದರೆ? ಯಾವುದನ್ನು ಬಯಸಬೇಕೆಂದೇ ತಿಳಿಯದೆ, ಗೋಡೆಯ ಗಡಿಯಾರದ ಮುಳ್ಳನ್ನು ನೋಡುತ್ತ ಕೂತಿದ್ದ.

ಐದೂಕಾಲಿಗೆ ಮಿಡತೆಯ ಫೋನ್ ಬಂತು.

"ಸಾರ್, ತುಂಬಿತ್ತಂತೆ. ನಿಜವಾದ ಮದ್ದು. ಡ್ರಿಲ್ ಮೊನೆಗೂ ಅದಕ್ಕೂ ನಡುವೆ ಒಂದು ಗೋಧಿಕಾಳಿನಷ್ಟು ಕಬ್ಬಿಣ ಉಳಿದಿತ್ತಂತೆ. ಊರಾಚೆಯ ಕಲ್ಲುಕ್ವಾರಿಗೆ ತಗೊಂಡು ಹೋಗಿ ಸಿಡಿಸಿದ್ರು. ಇಷ್ಟು ದೂರದಲ್ಲಿರೋ ನಮ್ಮ ಕ್ಲಿನಿಕ್ ಕಿಟಕಿ ಗಾಜೂ ಅಲ್ಲಾಡ್ತು ಸಾರ್." ಆಮೇಲೆ ಅವಳು ಅತ್ತಳು. ಅಕ್ಕ ಫೋನ್ ತೆಗೆದುಕೊಂಡು, ಹಾಸಿಗೆ ಹಿಡಿದವರ ಹತ್ತಿರ ಮಾತಾಡುವ ದನಿಯಲ್ಲಿ, "ನೀರು ಕುಡಿ ಮಗಳೇ. ಗೋಡೆಗೆ ಒರಗಿ ಕೂತ್ಕೋ. ಮನೇಲಿ ಯಾರಿದ್ದಾರೆ?" ಎಂದು ಕೇಳತೊಡಗಿದಳು.

ಹರಾಜಿನ ತಾಣದವರು ಆ ವ್ಯಾಪಾರಿಯ ಪುಟವನ್ನು ತೆಗೆದುಹಾಕಿದರು. ಪೊಲೀಸರು ಅವನನ್ನು ಕರೆಸಿ ಕೂರಿಸಿದಾಗಲೂ ಅವನು, ಪರೀಕ್ಷಿಸಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದೇನೆ ಎನ್ನುವ ಒಂದೇ ಮಾತನ್ನು ಹಿಡಿದು ಕೂತಿದ್ದನಂತೆ. ಅವನ ಗೋದಾಮಿನಲ್ಲಿ ಇನ್ನೂ ಮೂರು ಗುಂಡುಗಳು ಸಿಕ್ಕಿದವು. ದರ್ಜಿ ಸುದ್ದಿ ತಿಳಿದ ಮೇಲೆ ಮರಳಿನ ಮಾತೆತ್ತಲಿಲ್ಲ. ಲೇತ್ ಮಾಮ ಹರಾಜು ಬಿಡಲಿಲ್ಲ, ಸುಳ್ಳೇಕೆ ಹೇಳಬೇಕು. ಆದರೆ ಈಗ ಮಾರುವವರಿಗೆ ಮೊದಲು ಬರೆದು ಕೇಳುತ್ತಾನೆ: ತಳದ ಫೋಟೋ ಹಾಕಿ, ಒಳಗಿನದ್ದು ಹಾಕಿ, ತೂಕ ಹೇಳಿ. ಹಾಕದವರ ಬಾಗಿಲಿಗೆ ಹೋಗುವುದಿಲ್ಲ. ಯುದ್ಧದ ಸಾಮಾನನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ತಿಂಗಳು ಕಳೆದು ಒಂದು ಭಾನುವಾರ ಅವಳು ಬಸ್ಸು ಹಿಡಿದು ಬಂದಳು. ನಲವತ್ತರ ಸುಮಾರಿನ, ಸಣ್ಣ ಮೈಕಟ್ಟಿನ, ಒಂದು ಕಡೆ ನಿಲ್ಲಲಾರದ ಹೆಂಗಸು. ಮಿಡತೆ ಎಂದರೆ ಒಪ್ಪುವಂತಿದ್ದಳು. ಲೇತ್ ಮಾಮ ಬಾಗಿಲಲ್ಲೇ ನಿಂತ. ಅಕ್ಕ ಅವನನ್ನು ಪಕ್ಕಕ್ಕೆ ಸರಿಸಿ, ಬಂದವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಂಗೈ ಮೇಲು ಮಾಡಿ, ಕೆಳಗು ಮಾಡಿ, ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

"ಹತ್ತೂ ನೆಟ್ಟಗಿವೆ" ಎಂದಳು. "ಬಾ ಒಳಗೆ, ಊಟಕ್ಕೆ ಹೊತ್ತಾಯ್ತು."