ಸೊಂಟದಲ್ಲೊಂದು ಮರದ ತುಂಡು

ನಮ್ಮ ಕೆಳಮನೆಯ ರೊನ್ನಿ ಒಂದು ತಿಂಗಳು ಸೊಂಟದಲ್ಲಿ ಮರದ ತುಂಡೊಂದನ್ನು ಸಿಕ್ಕಿಸಿಕೊಂಡು ಓಡಾಡಿದ. ಆಫೀಸಿಗೆ, ಚರ್ಚಿಗೆ, ಮೀನು ಮಾರ್ಕೆಟ್ಟಿಗೆ. ನಗಬೇಡಿ. (ನಾನು ನಕ್ಕಿದ್ದೆ. ಈಗ ನೆನೆದರೆ ಕಸಿವಿಸಿಯಾಗುತ್ತದೆ.)

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದೇ ವಿಲ್ಲಾದ ಮೇಲೆ ನಾವು, ಕೆಳಗೆ ರೊನ್ನಿಯ ಸಂಸಾರ. ಅವನು ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಸಿಂತಿಯಾ ನರ್ಸ್. ಮಗಳು ಎಲಿಟಾಗೆ ಏಳು ವರ್ಷ. ಎಲ್ಲಾದರೂ ಅಡಗಿ ಕೂತು, ಬಂದವರ ಮೇಲೆ "ಬೂ!" ಎಂದು ಹಾರುವುದು ಅವಳ ನಿತ್ಯದ ಉದ್ಯೋಗ. ನಾನಂತೂ ಎಷ್ಟು ಸಲ ಸಾಂಬಾರು ಚೆಲ್ಲಿಕೊಂಡಿದ್ದೇನೋ!

ಸಿಂತಿಯಾಗೆ ಟೆಕ್ಸಾಸಿನ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು. ಹೊರಡಲು ಎರಡು ತಿಂಗಳಿತ್ತು. ನಾವು ಗಲ್ಫಿನವರು ಊರು ಬಿಡುವ ಮೊದಲು ಏನು ಮಾಡುತ್ತೇವೆ? ಪಟ್ಟಿ! ಕುಕ್ಕರ್, ಕಂಬಳಿ, ಗ್ರೈಂಡರ್. ಯಾವುದು ಒಳ್ಳೆಯದು, ಎಲ್ಲಿ ಆಫರ್. ರೊನ್ನಿಯ ಎಕ್ಸೆಲ್ ಶೀಟಿನಲ್ಲಿ ಗ್ರೈಂಡರಿನ ಕೆಳಗೆ ಇನ್ನೊಂದು ಸಾಲಿತ್ತು. ಪಿಸ್ತೂಲು. ಅಲ್ಲಿಗೆ ಹೋದ ಮೇಲೆ ಕೊಳ್ಳುವುದಕ್ಕೆ.

"ಅಲ್ಲಿ ಎಲ್ಲರ ಹತ್ರ ಉಂಟಂತೆ ಅಕ್ಕ. ಇವಳಿಗೆ ನೈಟ್ ಡ್ಯೂಟಿ. ಮಗು ಬೇರೆ. ನಾನು ಬರಿಗೈಯಲ್ಲಿ ಕೂತ್ಕೊಳ್ಳುದಾ?"

ಸಣ್ಣದಿರಬೇಕು. ಶರ್ಟಿನ ಅಡಿ ಕಾಣಬಾರದು. ರೇಟೂ ಜಾಸ್ತಿ ಇರಬಾರದು. ಇಷ್ಟು ನೋಡಿ ಒಂದು ಮಾಡೆಲ್ ಆರಿಸಿದ್ದ. ಆದರೆ ಮುಟ್ಟಿ ನೋಡುವುದು ಹೇಗೆ? ಇಲ್ಲಿ ಲಗೇಜಿನಲ್ಲಿ ಮಕ್ಕಳ ಆಟದ ಪಿಸ್ತೂಲಿದ್ದರೂ ಏರ್‌ಪೋರ್ಟಿನಲ್ಲಿ ಬೆವರಬೇಕು. ಅದಕ್ಕೆ ಗೋದಾಮಿನಿಂದ, ಸಾಮಾನು ಪೇರಿಸುವ ಪ್ಯಾಲೆಟ್ಟಿನ ಮರ ತಂದು ಅಳತೆಗೆ ಕತ್ತರಿಸಿದ. ಕಬ್ಬಿಣದ ನಟ್ಟು ಬಿಗಿದು, ಸೂಟ್‌ಕೇಸ್ ತೂಗುವ ಕೊಕ್ಕೆಗೆ ನೇತುಹಾಕಿ, ಗುಂಡು ತುಂಬಿದ ಪಿಸ್ತೂಲಿನಷ್ಟೇ ಭಾರ ಮಾಡಿದ. (ವರ್ಷ ವರ್ಷ ಊರಿಗೆ ಹೋಗುವಾಗ ತೂಗಿ ತೂಗಿ ಪಳಗಿದ ಕೈ.)

"ಈಗಲೇ ಅಭ್ಯಾಸ ಆಗ್ಲಿ ಅಂತ."

"ನಿಂಗೆ ಮರ್ಲಾ ಮಾರಾಯ, ತಲೆ ಸರಿ ಉಂಟಾ?" ಎಂದು ನಾನು ನಕ್ಕೆ.

ಅಭ್ಯಾಸ ಆಯಿತು. ಮೊದಲು ಶರ್ಟು ಒಂದು ಸೈಜ್ ದೊಡ್ಡದಾಯಿತು. ಆಮೇಲೆ ತರಕಾರಿ ಚೀಲ ಎಡಗೈಗೆ ಹೋಯಿತು, ಬಲಗೈ ಸದಾ ಖಾಲಿ. ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟ. ಒಂದು ದಿನ ನೋಡಿದರೆ ಮನೆಯ ಸೋಫಾವೇ ಬಾಗಿಲ ಕಡೆ ತಿರುಗಿದೆ! ರೊನ್ನಿ ಅದರಲ್ಲಿ ಸುಮ್ಮನೆ ಕೂತಿದ್ದಾನೆ. ಟಿವಿ ಅವನ ಬೆನ್ನ ಹಿಂದೆ ಓಡುತ್ತಿದೆ.

ನಮ್ಮ ಬೀದಿಯಲ್ಲಿ ಕಾರಿನಲ್ಲೇ ಕೀ ಬಿಟ್ಟು ಹೋದರೂ ಮುಟ್ಟುವವರಿಲ್ಲ. ಅಂಥ ಕಡೆ ಇವನು ಯಾರನ್ನು ಕಾಯುತ್ತಿದ್ದ?

ಜುಲೈ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ. ನಮಾಜು ಮುಗಿದು ಬೀದಿಯಲ್ಲಿ ನರಪಿಳ್ಳೆಯಿಲ್ಲ, ಬಿಸಿಲು ಮಾತ್ರ. ನಾನು ಪಾಯಸದ ಪಾತ್ರೆ ಹಿಡಿದು ಕೆಳಗೆ ಹೋದೆ. ಎಸಿಯ ಗುಂಯ್ ಬಿಟ್ಟರೆ ಸದ್ದಿಲ್ಲ. ಸಿಂತಿಯಾ ಅಡುಗೆಮನೆಯಲ್ಲಿದ್ದಳು. ರೊನ್ನಿ ಬೆಡ್‌ರೂಮಿನಿಂದ ಹಾಲ್‌ಗೆ ಬಂದ. ಪರದೆಯ ಹಿಂದಿನಿಂದ ಎಲಿಟಾ ಹಾರಿದಳು.

"ಬೂ!"

ಅವನ ಕೈ ಸೊಂಟಕ್ಕೆ ಹೋದದ್ದು ನನಗೆ ಕಾಣಲೇ ಇಲ್ಲ. ಕಂಡಾಗ, ಎರಡೂ ಕೈಯಲ್ಲಿ ಬಿಗಿಹಿಡಿದ ಮರದ ತುಂಡು ಮಗುವಿನ ಹಣೆಯ ನೇರಕ್ಕಿತ್ತು. ಟ್ರಿಗರೇ ಇಲ್ಲದ ಆ ಮರದ ಮೇಲೆ ಅವನ ತೋರುಬೆರಳು ಆಗಲೇ ಮಡಚಿತ್ತು.

ಎಲಿಟಾ ಕಿಲಕಿಲ ನಕ್ಕಳು. "ಡ್ಯಾಡಿ, ಯು ಗಾಟ್ ಮಿ!" ಎಂದವಳೇ ನೆಲಕ್ಕೆ ಬಿದ್ದು, ನಾಲಿಗೆ ಹೊರಹಾಕಿ, ಸತ್ತವಳಂತೆ ಮಲಗಿದಳು.

ಉಳಿದವರಾರೂ ನಗಲಿಲ್ಲ. ರೊನ್ನಿ ತನ್ನ ಬೆರಳನ್ನೇ ನೋಡುತ್ತ ನಿಂತಿದ್ದ. ಸಿಂತಿಯಾ ಬಂದು ಆ ತುಂಡನ್ನು ಕಿತ್ತುಕೊಂಡಳು.

"ಖಲಾಸ್. ಇದು ನಿಜದ್ದಾಗಿದ್ರೆ? ನಂಗೆ ಅಲ್ಲಿಯ ಕಳ್ಳರ ಹೆದರಿಕೆ ಇಲ್ಲ ರೊನ್ನಿ. ನಿನ್ನ ಈ ಕೈಯದ್ದೇ ಹೆದರಿಕೆ."

ಮರದ ತುಂಡು ಬೀದಿಯ ಕಸದ ತೊಟ್ಟಿ ಸೇರಿತು. ಶೀಟಿನ ಸಾಲು ಡಿಲೀಟ್ ಆಯಿತು. ಆದರೆ ಕೈ ಕೇಳಬೇಕಲ್ಲ? ಹೊರಡುವ ದಿನ ಟ್ಯಾಕ್ಸಿಯವನು ಹಿಂದಿನಿಂದ "ಯಲ್ಲಾ ಭಾಯ್" ಎಂದು ಅವಸರಿಸಿದಾಗ ಆ ಬಲಗೈ ಸೊಂಟಕ್ಕೆ ಹೋಗಿ, ಖಾಲಿ ಜಾಗವನ್ನು ತಡವಿ, ವಾಪಸ್ ಬಂತು.

ಮೊನ್ನೆ ವಿಡಿಯೋ ಕಾಲ್ ಮಾಡಿದ್ದ. (ಇಲ್ಲಿ ಇಂಟರ್‌ನೆಟ್ ಕಾಲ್‌ಗೆ ನೂರೆಂಟು ನಿರ್ಬಂಧ, ಸಿಗುವುದೇ ಪುಣ್ಯ.) ಮನೆ ಚೆನ್ನಾಗಿದೆಯಂತೆ, ನೆರೆಯವರೂ ಒಳ್ಳೆಯವರಂತೆ. ಸೋಫಾ ಟಿವಿಯ ಕಡೆಗಿತ್ತು, ಅದನ್ನೇ ನಾನು ಮೊದಲು ನೋಡಿದ್ದು.

"ತಗೊಂಡ್ಯಾ ಮಾರಾಯ ಅದನ್ನು?"

"ಮಾಫಿ ಅಕ್ಕ, ಇಲ್ಲವೇ ಇಲ್ಲ. ಬೇಡವೇ ಬೇಡ."

ಸಮಾಧಾನವಾಯಿತು. ಅಷ್ಟರಲ್ಲಿ ಅವನ ಹಿಂದಿನ ಬಾಗಿಲಲ್ಲಿ ಎಲಿಟಾ ಕಾಣಿಸಿದಳು. ಹಾರಲಿಲ್ಲ, ಒಳಗೂ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ಎರಡೂ ಕೈ ಮೇಲೆತ್ತಿದಳು. ಮೆಲ್ಲಗೆ ಹೇಳಿದಳು: "ಡ್ಯಾಡಿ, ಇಟ್ಸ್ ಓನ್ಲಿ ಮಿ."

ಅಪ್ಪ ಕೊಳ್ಳದೇ ಬಿಟ್ಟ ಪಿಸ್ತೂಲಿಗೆ ಆ ಮಗು ಇನ್ನೆಷ್ಟು ವರ್ಷ ಕೈ ಎತ್ತಬೇಕು?